ಕಲ್ತವ್ವನ ದಣಿವು

ಹುಬ್ಬಳ್ಳಿಯಲ್ಲಿ ನಿದ್ದೆಯ ಕಾರ್ಖಾನೆ ಶುರುವಾದಾಗ ಅದರ ಮೊದಲ ಗುಂಡಿ ಒತ್ತಿದವನು ನಾನು, ಫಕೀರಪ್ಪ ಹೆಬಸೂರ. ಮಂತ್ರಿಗಳು ಒತ್ತಿದರೆಂದು ಪತ್ರಿಕೆಗಳು ಬರೆದವು. ಮಂತ್ರಿಗಳು ಒತ್ತಿದ್ದು ಗುಂಡಿಯ ಮೇಲಿಟ್ಟಿದ್ದ ಚೆಂಡುಹೂವನ್ನು. ಗುಂಡಿಯನ್ನು ಒತ್ತಿದ್ದು ಮೇಜಿನ ಕೆಳಗೆ ಕೂತಿದ್ದ ನನ್ನ ಹೆಬ್ಬೆರಳು. ಆ ಹೆಬ್ಬೆರಳಿನ ಬಲ ಎಂಥದೆಂದರೆ, ಅಂದು ಮಧ್ಯಾಹ್ನ ಇಲ್ಲಿಂದ ಧಾರವಾಡದವರೆಗಿನ ಜನ ಬಾಯಿ ತೆರೆದ ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ನಿಂತರು. ನನ್ನ ಹೆಂಡತಿ ಕಸ್ತೂರೆವ್ವ ಇದನ್ನು ನಂಬುವುದಿಲ್ಲ. ಆಕೆ ನಂಬದ ಸಂಗತಿಗಳನ್ನು ಒಂದರ ಮೇಲೊಂದು ಪೇರಿಸಿದರೆ ನೃಪತುಂಗ ಬೆಟ್ಟ ನಮ್ಮ ಮನೆಯ ಹೊಸ್ತಿಲಿನಷ್ಟು ಕಾಣುತ್ತದೆ.

ವಿಜ್ಞಾನವೇನೋ ಸರಳವಾದದ್ದು, ನಾನು ಹೇಳಿದರೆ ಎಮ್ಮೆಗೂ ತಿಳಿಯುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ನಮ್ಮ ಮಿದುಳಿನಲ್ಲಿ ಒಂದು ಬಗೆಯ ಕಿಟ್ಟ ಕೂಡುತ್ತಾ ಹೋಗುತ್ತದೆ. ಅದೇ ದಣಿವು. ಮಲಗಿದಾಗ ಮಿದುಳು ತನ್ನ ಕಿಟ್ಟವನ್ನು ತಾನೇ ತೊಳೆದುಕೊಳ್ಳುತ್ತದೆ. ಈ ತೊಳೆಯುವ ಕೆಲಸವನ್ನು ಇನ್ನೊಬ್ಬರ ಮಿದುಳಿಗೆ ಯಾಕೆ ಒಪ್ಪಿಸಬಾರದು ಎಂದು ಯಾರೋ ಪುಣ್ಯಾತ್ಮನಿಗೆ ಹೊಳೆಯಿತು. ಅದಕ್ಕೆ ಎರಡು ಟೋಪಿ. ಒಂದು ಗಿರಾಕಿಯ ತಲೆಗೆ, ಇನ್ನೊಂದು ಮಲಗುವವರ ತಲೆಗೆ. ಎರಡೂ ಮಿದುಳುಗಳ ತಾಳ ಕೂಡಿಬಿಟ್ಟರೆ ಸಾಕು, ಇಲ್ಲಿ ಇವರು ಗೊರಕೆ ಹೊಡೆದಂತೆ ಅಲ್ಲಿ ಅಂಗಡಿಯಲ್ಲಿ ಕಣ್ಣು ಬಿಟ್ಟುಕೊಂಡೇ ಕೂತ ಗಿರಾಕಿಯ ಕಿಟ್ಟ ಕರಗುತ್ತದೆ. ಅದು ಪೂರ್ತಿ ಕರಗುವವರೆಗೆ ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಎದ್ದಾಗ ಅವರ ಸ್ವಂತ ಕಿಟ್ಟ ಇದ್ದಲ್ಲಿಯೇ ಇರುತ್ತದೆ. ಅದನ್ನು ಕಳೆಯಲು ಅವರು ಟೋಪಿಯಿಲ್ಲದೆ ಬೇರೆಯಾಗಿ ಮಲಗಬೇಕು. ಯಾವಾಗ ಮಲಗಬೇಕು ಎಂದು ಮಾತ್ರ ಪುಣ್ಯಾತ್ಮ ಯೋಚಿಸಿರಲಿಲ್ಲ.

ಮಲಗಲು ಜನ ಬೇಕಲ್ಲ, ಅವರೂ ಸಿಕ್ಕರು. ಸೂಡಾನ್, ಕಾಂಗೋ, ಎರಿಟ್ರಿಯಾಗಳಿಂದ ಓಡಿಬಂದ ನಿರಾಶ್ರಿತರು. ಅವರಿಗೆ ದುಡಿಯುವ ಪರವಾನಗಿ ಇರಲಿಲ್ಲ. ಕಾನೂನು ಅವರಿಗೆ ದುಡಿಯಬೇಡಿ ಎಂದಿತ್ತು, ಮಲಗಬೇಡಿ ಎಂದಿರಲಿಲ್ಲ. ಸುಖಶಯನ ಎಂಬ ಕಂಪನಿ ಈ ಸಂದಿಯೊಳಗೆ ಕೈ ಹಾಕಿ, ಮುಚ್ಚಿಹೋಗಿದ್ದ ಹಳೆಯ ಹತ್ತಿ ಗಿರಣಿಯಲ್ಲಿ ಸಾಲಾಗಿ ಮಂಚ ಹಾಕಿಸಿತು. ಅವರನ್ನು ಕೂಲಿಗಳೆಂದು ಯಾರೂ ಕರೆಯಬಾರದೆಂದು ಆಜ್ಞೆಯಾಯಿತು. ಅವರು ‘ಅತಿಥಿಗಳು’. ಅತಿಥಿಗಳಿಗೆ ರಜೆ ಯಾಕೆ? ವೈದ್ಯರು ಯಾಕೆ? ಹಾಜರಿ ಯಾಕೆ? ಊಟ, ಮಂಚ, ಕೈಗೊಂದಿಷ್ಟು ಕಾಣಿಕೆ.

ಇಡೀ ಹುಬ್ಬಳ್ಳಿ ಅವರ ನಿದ್ದೆಯ ಮೇಲೆ ಎಚ್ಚರವಿತ್ತು. ಆದರೆ ಅವರಿಗೆ ಬಾಡಿಗೆಗೆ ಒಂದು ಖೋಲಿ ಕೇಳಿದರೆ ಓಣಿಗೆ ಓಣಿಯೇ ಕದ ಹಾಕಿಕೊಳ್ಳುತ್ತಿತ್ತು. ಸಂಜೆ ಅವರು ಚಹಾದಂಗಡಿಗೆ ಬಂದರೆ, ಮಧ್ಯಾಹ್ನ ಅವರಿಂದಲೇ ದಣಿವು ಕಳೆದುಕೊಂಡವನು ಮೀಸೆ ತಿರುವಿ ಹೇಳುತ್ತಿದ್ದ: “ಬಂದ್ರ ನೋಡಲೇ, ಮಲಕ್ಕೊಂಡ ಉಣ್ಣೂ ಮಂದಿ!”

ಈ ಅತಿಥಿಗಳಲ್ಲಿ ಅಕ್ಕ ತಮ್ಮ ಇಬ್ಬರಿದ್ದರು. ಅಕ್ಕ ಕಲ್ತೂಮಾ, ತಮ್ಮ ಅಬ್ಕರ್. ಸೂಡಾನಿನ ದಾರ್ಫುರ್ ಕಡೆಯವರು; ಊರು ಸುಟ್ಟುಹೋದ ಮೇಲೆ ಮರಳುಗಾಡು, ಸಮುದ್ರ, ಯಾರ್ಯಾರದೋ ಗೋದಾಮುಗಳನ್ನು ದಾಟಿ ಬಂದವರು. ಹುಬ್ಬಳ್ಳಿಯ ಬಾಯಲ್ಲಿ ಕಲ್ತೂಮಾ ಕಲ್ತವ್ವ ಆದಳು. ಆಕೆಗೆ ಕನ್ನಡವನ್ನು ಯಾರೂ ಕಲಿಸಲಿಲ್ಲ. ಗಿರಾಕಿಯ ದಣಿವಿನ ಜೊತೆ ಅವನ ಕನಸುಗಳೂ ಮಲಗಿದವರ ತಲೆಗೇ ಬರುತ್ತವೆ. ಕಲ್ತವ್ವನ ಗಿರಾಕಿ ದುರ್ಗದಬೈಲಿನ ಒಬ್ಬ ಬಟ್ಟೆ ವ್ಯಾಪಾರಿ. ಅವನ ಕನಸಿನಲ್ಲಿ ಅವನ ಅತ್ತೆ ದಿನಾ ಬಂದು ಬೈಯುತ್ತಿದ್ದಳು. ಆ ಅತ್ತೆಯ ಪುಣ್ಯದಿಂದ ಒಂದು ಮಳೆಗಾಲ ಕಳೆಯುವುದರೊಳಗೆ ಕಲ್ತವ್ವನ ಕನ್ನಡ ನನ್ನ ಕನ್ನಡವನ್ನು ನೆಲಕ್ಕೆ ಕೆಡವಿ ಮೇಲೆ ಕೂತಿತು.

ಯಂತ್ರ ನೋಡಿಕೊಳ್ಳುವುದು, ಮಲಗಿದವರನ್ನು ಎಬ್ಬಿಸುವುದು ಕಾರ್ಖಾನೆಯಲ್ಲಿ ನನ್ನ ಕೆಲಸ. ಒಮ್ಮೆ ಎಬ್ಬಿಸಲು ಹೋದ ನನ್ನ ಮೇಲೆಯೇ ಎರಗಿದಳು.

“ಏ ಮೂಳಾ! ನಿನಗ ಮಗಳನ್ನ ಕೊಟ್ಟೇನೇನ್, ಹೂಡಾಕ ಎತ್ತ ಕೊಟ್ಟೇನೇನ್?”

“ಯವ್ವಾ, ನಾ ಫಕೀರಪ್ಪ!”

“ತಪ್ಪಾತ ಫಕೀರಣ್ಣ. ಆ ಮುದುಕಿ ಇನ್ನೂ ನನ್ನ ಬಾಯಾಗ ಕುಂತಾಳ.”

ಅಬ್ಕರ್‌ನದು ವಿದ್ಯಾರ್ಥಿಗಳ ಪಾಳಿ. ಬಿದಿರಿನ ಹಾಗೆ ಉದ್ದ, ಮಾತು ಮೆಲ್ಲಗೆ. ಅವರಿಬ್ಬರೂ ನನ್ನ ಕೋಣೆಗೆ ಬಂದು ಕೂತಾಗ ನಾನು ನನ್ನ ಪರಾಕ್ರಮಗಳನ್ನು ಹೇಳುತ್ತಿದ್ದೆ. ಉಣಕಲ್ ಕೆರೆಯನ್ನು ಮುಳುಗು ಹಾಕಿ ಒಂದೇ ಉಸಿರಿಗೆ ದಾಟಿದ್ದು, ಎದುರಿಗೆ ಬಂದ ಗೂಡ್ಸ್ ಗಾಡಿಯನ್ನು ಬೈದು ಹಿಂದಕ್ಕೆ ಕಳಿಸಿದ್ದು. ಅಬ್ಕರ್ ನಗುತ್ತಿದ್ದ. ಕಲ್ತವ್ವ ಕೇಳುತ್ತಿದ್ದಳು, “ಗಾಡಿ ಏನಂತ ಉತ್ತರ ಕೊಡ್ತಣ್ಣ?”

ಪರೀಕ್ಷೆಯ ದಿನಗಳು ಬಂದವು. ಹುಬ್ಬಳ್ಳಿ ಧಾರವಾಡದ ವಿದ್ಯಾರ್ಥಿಗಳೆಲ್ಲ ಹಗಲೂ ರಾತ್ರಿ ಓದುವುದೆಂದು ತೀರ್ಮಾನಿಸಿದರು. ಗಿರಾಕಿಗಳು ಹೆಚ್ಚಾದರು, ಮಂಚಗಳು ಅಷ್ಟೇ ಇದ್ದವು. ಒಬ್ಬ ಅತಿಥಿಗೆ ಒಬ್ಬ ಗಿರಾಕಿ ಎಂಬ ಪದ್ಧತಿ ಮುರಿದು, ಹಗಲು ರಾತ್ರಿಯೆನ್ನದೆ ಒಂದು ಟೋಪಿ ತೆಗೆದ ಕೂಡಲೇ ಇನ್ನೊಂದನ್ನು ಹಾಕತೊಡಗಿದರು. ನನ್ನ ಕೋಣೆಯ ಗೋಡೆ ತುಂಬ ಪರದೆಗಳಿದ್ದವು; ಪ್ರತಿ ಪರದೆಯ ಮೇಲೂ ಒಬ್ಬ ಗಿರಾಕಿಯ ದಣಿವಿನ ಹಸಿರು ಗೆರೆ. ಮಲಗಿದವರ ದಣಿವಿಗೆ ಗೆರೆಯನ್ನೇ ಕೊಟ್ಟಿರಲಿಲ್ಲ.

ಅಬ್ಕರ್ ಬಂದು ಬಾಗಿಲಿಗೆ ಆನಿಕೊಂಡು ನಿಂತ.

“ಫಕೀರಣ್ಣ, ನಂಗ ನಿದ್ದಿ ಬರವಲ್ದು.”

“ಲೇ ತಮ್ಮಾ, ದಿನಾ ಪೂರಾ ಮಲಗಿರ್ತಿ!”

“ಅದು ಅವರದು. ನಂದು ಬರವಲ್ದು. ಕುಂತ್ರ ಗ್ವಾಡಿ ಅಳ್ಳಾಡ್ತೈತಿ. ತುತ್ತು ಬಾಯಾಗ ಇಟ್ಕೊಂಡು ಅಗಿಯೂದ ಮರತಬಿಡ್ತೀನಿ.”

ನಾನು ಮ್ಯಾನೇಜರ್ ಹತ್ತಿರ ಓಡಿದೆ. ಹುಡುಗನ ಕಣ್ಣು ಬಾವಿಯಷ್ಟು ಆಳಕ್ಕೆ ಹೋಗಿವೆ, ಕೂಗಿದರೆ ಮಾರ್ದನಿ ಬರುತ್ತದೆ ಎಂದೆ. ಮ್ಯಾನೇಜರ್ ನಕ್ಕ. “ಫಕೀರಪ್ಪ, ಹ್ವಾದ ವಾರ ಛತ್ತ ಬೀಳಾಕತ್ತೈತಿ ಅಂದಿದ್ದಿ. ಹೋಗಿ ನೋಡಿದ್ರ ಪಾರಿವಾಳ ಕುಂತಿತ್ತು. ಹೋಗು, ಚಹಾ ಕುಡಿ.”

ಅತಿಥಿಗಳಲ್ಲಿ ಅವರದೇ ಒಂದು ರೂಢಿಯಿತ್ತು. ಒಬ್ಬರಿಗೆ ಮೈ ಸರಿಯಿಲ್ಲದಿದ್ದರೆ ಪಕ್ಕದ ಮಂಚದವರು ಅವರ ಟೋಪಿಯನ್ನು ತಾವೇ ಹಾಕಿಕೊಳ್ಳುವುದು. ಬೇಡವೆನ್ನುವಂತಿಲ್ಲ, ಆಮೇಲೆ ಅದನ್ನು ಎತ್ತಿ ಆಡುವಂತಿಲ್ಲ. ಆ ವಾರ ಕಲ್ತವ್ವನಿಗೆ ಜ್ವರ. ಅಬ್ಕರ್ ತನ್ನ ಟೋಪಿಯ ಮೇಲೆ ಅಕ್ಕನ ಟೋಪಿಯನ್ನೂ ಏರಿಸಿಕೊಂಡು ಮಲಗಿದ. ಮಧ್ಯಾಹ್ನ ಪರದೆಗಳ ಮೇಲಿನ ಹಸಿರು ಗೆರೆಗಳು ಒಂದೊಂದಾಗಿ ತಳ ಮುಟ್ಟಿದವು. ಬಟ್ಟೆ ವ್ಯಾಪಾರಿ ತಾಜಾ ಆದ. ಒಬ್ಬ ವಿದ್ಯಾರ್ಥಿನಿ ತಾಜಾ ಆದಳು; ಅಂದಿನ ಪರೀಕ್ಷೆಯನ್ನು ಚೆನ್ನಾಗಿ ಬರೆದಳಂತೆ. ನಾನು ಅಬ್ಕರ್‌ನನ್ನು ಎಬ್ಬಿಸಲು ಹೋದೆ. ಭುಜ ಅಲುಗಿಸಿದೆ. ಎರಡು ಟೋಪಿಗಳನ್ನೂ ತೆಗೆದೆ.

ಅಬ್ಕರ್ ಏಳಲಿಲ್ಲ.

ಸಾವಿನ ಕಾಗದದಲ್ಲಿ ‘ನಿದ್ರೆಯಲ್ಲಿ ಸಹಜ ಸಾವು’ ಎಂದು ಬರೆದಿದ್ದರು. ಅದರ ಕೆಳಗೆ, ‘ಉದ್ಯೋಗ: ಇಲ್ಲ’.

ಅವರ ಕಡೆ ಸಾವಾದರೆ ಅಂಗಳದಲ್ಲಿ ಚಾಪೆ ಹಾಸುತ್ತಾರೆ. ನೆರೆಯವರು ಬಂದು ದುಃಖದವರ ಪಕ್ಕ ಕೂತು, ಅಲ್ಲಿಯೇ ಉಂಡು, ಅಲ್ಲಿಯೇ ಮಲಗುತ್ತಾರೆ. ದುಃಖದವರನ್ನು ಒಂಟಿಯಾಗಿ ಬಿಡುವುದಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಕಲ್ತವ್ವ ಗಿರಣಿಯ ಅಂಗಳದಲ್ಲಿ ಚಾಪೆ ಹಾಸಿದಳು. ಅತಿಥಿಗಳೆಲ್ಲ ಬಂದು ಕೂತರು. ಮ್ಯಾನೇಜರ್ ಹೊರಗೆ ಬಂದು ಕೈಮುಗಿದ. “ದುಃಖ ಇರ್ತೈತಿ, ಇಲ್ಲನ್ನೂದಿಲ್ಲ. ಆದ್ರ ಹೊರಗ ಮಲಗಿದ್ರ ಲುಕ್ಸಾನು. ಒಳಗ ಬಂದು ಮಲಗ್ರಿ.” ಒಬ್ಬೊಬ್ಬರಾಗಿ ಎದ್ದುಹೋದರು. ಹೋಗದೆ ಬೇರೆ ದಾರಿ ಇರಲಿಲ್ಲ. ಚಾಪೆಯ ಮೇಲೆ ಕಲ್ತವ್ವ ಒಬ್ಬಳೇ ಉಳಿದಳು.

ಸಂಜೆಗೆ ಕಸ್ತೂರೆವ್ವ ಅಂಬಲಿಯ ಗಡಿಗೆ ಹೊತ್ತು ಬಂದಳು. ಚಪ್ಪಲಿ ಬಿಟ್ಟು, ಏನೂ ಕೇಳದೆ, ಕಲ್ತವ್ವನ ಪಕ್ಕ ಕಾಲು ಚಾಚಿ ಕೂತಳು. ನಾನೂ ಅಂಚಿನಲ್ಲಿ ಕೂತೆ.

“ಅತ್ತಬಿಡವ್ವಾ. ಹಗುರಾಗ್ತೈತಿ,” ಎಂದಳು ಕಸ್ತೂರೆವ್ವ.

“ಅಳಾಕ ತ್ರಾಣ ಇಲ್ಲಕ್ಕಾ. ಅಳೂದಕ್ಕೂ ಮೈಯಾಗ ಎಚ್ಚರ ಇರಬೇಕಲ್ಲ.” ಕಲ್ತವ್ವ ಆ ಕಾಗದವನ್ನು ನನ್ನ ಕಡೆ ಚಾಚಿದಳು. “ಫಕೀರಣ್ಣ, ಇದರಾಗ ಇಲ್ಲ ಅಂತ ಬರದಾರ. ನಮ್ಮೂರಾಗ ಅಂವ ಹೊಲದಾಗ ದುಡದಾನ, ದಾರ್ಯಾಗ ದುಡದಾನ, ಇಲ್ಲಿ ದುಡದು ಸತ್ತಾನ. ಆ ಇಲ್ಲ ಅನ್ನೂದನ್ನ ಅಳಸಿ, ಕೂಲಿಕಾರ ಅಂತ ಬರೀರಿ ಅನ್ನು. ಮತ್ತೇನೂ ಬ್ಯಾಡ ನನಗ.”

ನಾನು ಎದೆ ತಟ್ಟಿಕೊಂಡೆ. “ನಾ ಸಾಕ್ಷಿ ಹೇಳಿದ್ನಂದ್ರ ದಿಲ್ಲಿಯ ಖುರ್ಚಿಗಳು ಅಲ್ಲಾಡ್ತಾವ.”

“ಖುರ್ಚಿ ಬಿಡು,” ಎಂದಳು ಕಸ್ತೂರೆವ್ವ. “ಆಕಿ ಕಾಗದ ನೋಡು.”

ಕಾರ್ಮಿಕ ನ್ಯಾಯಮಂಡಳಿಯಲ್ಲಿ ದೂರು ಹಾಕಿದೆವು. ವಿಚಾರಣಾಧಿಕಾರಿ ಸರೋಜಿನಿ ಮುಧೋಳ ಎಂಬ ಹೆಣ್ಣುಮಗಳು; ಮಾತು ಕಡಿಮೆ, ಕನ್ನಡಕ ದಪ್ಪ. ಕಂಪನಿಯ ವಕೀಲ ಬೆಂಡಿಗೇರಿ ಎಷ್ಟು ನುಣುಪೆಂದರೆ ಅವನ ಮೇಲೆ ಕೂತ ನೊಣ ಜಾರಿ ಬೀಳುತ್ತಿತ್ತು.

“ಮೇಡಂ,” ಎಂದ ಬೆಂಡಿಗೇರಿ, “ನಮ್ಮ ತಾಯಿ ದಿನಾ ಮಧ್ಯಾಹ್ನ ಮಲಗತಾಳ. ಆಕಿಗೂ ಪಗಾರ ಕೊಡೂಣೇನ್ರಿ?”

ಕೋಣೆ ತುಂಬ ನಗು.

“ಇನ್ನ, ಆ ದಿವಸ ಈ ಅಬ್ಕರ್ ಎರಡನೇ ಟೋಪಿ ತಾನಾಗೇ ಹಾಕ್ಕೊಂಡಾನ. ಕಂಪನಿ ಹಾಕಿಲ್ಲ. ಅಕ್ಕನ ಮ್ಯಾಲಿನ ಪ್ರೀತಿಗೆ ಮಾಡಿದ್ದು ಅದು. ಪ್ರೀತಿ ಕೆಲಸ ಹ್ಯಾಂಗ ಆಗ್ತದ್ರಿ?”

ಕಲ್ತವ್ವ ಎದ್ದು ನಿಂತಳು. ಗೋಡೆ ಹಿಡಿದೇ ನಿಂತಳು. “ನನ್ನ ಮ್ಯಾಲಿನ ಪ್ರೀತಿಗೆ ಮಾಡಿದ್ರ ನಾ ಹಗುರ ಆಗಬೇಕಿತ್ತಲ್ಲರಿ ಸಾಹೇಬರ? ಹಗುರ ಆದಾಂವ ದುರ್ಗದಬೈಲಿನಾಗ ಅಂಗಡಿ ಹಾಕ್ಕೊಂಡ ಕುಂತಾನ.”

ನಗು ನಿಂತಿತು. ಬೆಂಡಿಗೇರಿ ಮಾತ್ರ ನಿಲ್ಲಲಿಲ್ಲ. ಹಗಲೂ ರಾತ್ರಿ ಮಲಗುವವರು ದಣಿದಿದ್ದಾರೆಂದು ನಂಬುವುದು ಹೇಗೆ, ಅದಕ್ಕೆ ಒಂದಾದರೂ ಪುರಾವೆ ಇದೆಯೇ ಎಂದು ಕೇಳಿದ. ಆಗ ನನ್ನನ್ನು ಕರೆದರು. ಇದ್ದದ್ದನ್ನು ಹೇಳಬೇಕೆಂದೇ ಹೋಗಿದ್ದೆ. ಆದರೆ ನನ್ನ ನಾಲಿಗೆಗೆ ಗಾಡಿಗಿರುವಂತೆ ಸಣ್ಣ ಗೇರ್ ಇಲ್ಲ. ಅಬ್ಕರ್ ಮುನ್ನೂರು ಜನರ ನಿದ್ದೆ ಹೊತ್ತಿದ್ದ, ಅವನ ದಣಿವನ್ನು ಲಾರಿಗೆ ಹೇರಿದ್ದರೆ ಟಯರು ಸಿಡಿಯುತ್ತಿದ್ದವು ಎಂದೆ.

ಮುಧೋಳರು ಕನ್ನಡಕ ತೆಗೆದರು. “ಫಕೀರಪ್ಪನವರ, ಮುನ್ನೂರರಾಗ ಖರೇ ಎಷ್ಟು?”

ನಾನು ಬಾಯಿ ತೆರೆಯುವುದರೊಳಗೆ ಕಲ್ತವ್ವ ಅಂದಳು: “ಮೇಡಂ, ಅವರನ್ನ ಕೇಳಬ್ಯಾಡ್ರಿ. ನನ್ನ ದಣಿವ ತೂಗರಿ. ನನ್ನ ತಮ್ಮಂದೂ ಇಷ್ಟ ಇತ್ತು, ಇದಕ್ಕೂ ಹೆಚ್ಚಿತ್ತು. ಗಿರಾಕಿ ಟೋಪಿ ನನಗ ಹಾಕ್ರಿ. ಯಾರಾರ ಮಲಗಲಿ. ಅವರು ಎಷ್ಟೊತ್ತಿಗೆ ಏಳತಾರ ನೋಡ್ರಿ.”

ಅದುವರೆಗೆ ಯಾವ ಅತಿಥಿಯೂ ಗಿರಾಕಿಯ ಟೋಪಿ ಹಾಕಿಕೊಂಡಿರಲಿಲ್ಲ. ಬೆಂಡಿಗೇರಿ ನಿಯಮಗಳ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. ಹಾಕಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಹಾಗಾದರೆ ಮಲಗುವವರು ಯಾರು? ಉಳಿದ ಅತಿಥಿಗಳೆಲ್ಲ ಆಗಲೇ ಊರವರ ಕಿಟ್ಟದಲ್ಲಿ ಮುಳುಗಿದವರು. ನಾನು ಕೈ ಎತ್ತಿದೆ. ನಾನು ಮಲಗಿದರೆ ಹೆಬಸೂರಿನ ಕೋಳಿಗಳು ಕೂಗಿ ಕೂಗಿ ಬೇಸತ್ತು ಬೇರೆ ಊರಿಗೆ ಗುಳೆ ಹೋಗುತ್ತವೆ ಎಂದೆ. ಈ ಸಲ ಯಾರೂ ನಗಲಿಲ್ಲ.

ಯಂತ್ರ ತಂದರು, ಮಂಚ ಹಾಕಿದರು. ಟೋಪಿಯನ್ನು ಕೈಯಲ್ಲಿ ಹಿಡಿದ ಕಲ್ತವ್ವ ಅದನ್ನು ಹಾಕಿಕೊಳ್ಳದೆ ನಿಂತಳು. ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು.

“ಅಣ್ಣಾ, ನಮ್ಮ ಕಡೆ ಸತ್ತವರು ಒಮ್ಮೆ ಕನಸಿನಾಗ ಬಂದು, ಹ್ಯಾಂಗ ಅದೀನಿ ಅಂತ ಹೇಳಿ ಹೋಗ್ತಾರ. ಅಂವ ಸತ್ತಾಗಿಂದ ನಂದು ಅನ್ನೂ ನಿದ್ದಿ ನನಗ ಸಿಕ್ಕಿಲ್ಲ. ಬಾಗಲದಾಗ ಕಾಯಾಕತ್ತಾನೋ ಏನೋ. ಈಗ ನನ್ನ ನಿದ್ದಿ ನೀ ಮಾಡ್ತಿ. ಬಂದ್ರ ನಿನಗ ಬರ್ತಾನ.”

“ಹಂಗಾರ ಬ್ಯಾಡವ್ವಾ. ಬಿಟ್ಟಬಿಡೂಣು.”

ಆಕೆ ಟೋಪಿಯನ್ನು ತಿರುಗಿಸಿ ನೋಡಿದಳು. “ನನಗ ಕಂಡ್ರ ನನಗೊಬ್ಬಾಕಿಗೆ ಗೊತ್ತಾಗ್ತೈತಿ. ಕಾಗದದಾಗ ಬಂದ್ರ ಎಲ್ಲಾರಿಗೂ ಗೊತ್ತಾಗ್ತೈತಿ.” ಟೋಪಿ ಹಾಕಿಕೊಂಡಳು. “ಬಂದ್ರ ಮಾತಾಡ್ಸಣ್ಣ. ಅಂಜಬ್ಯಾಡ. ಸಭ್ಯ ಹುಡುಗ.”

ಗುಂಡಿ ಒತ್ತಿದರು. ಒದ್ದೆಯಾದ ಹತ್ತಿಯ ಮೂಟೆಯೊಂದು ನನ್ನ ಎದೆಯ ಮೇಲೆ ಬಂದು ಕೂತಿತು. ಅದರ ಮೇಲೆ ಇನ್ನೊಂದು ಕೂತಿತು. ಈ ಮಾತಿನಲ್ಲಿ ನಾನು ಒಂದು ಎಳೆಯನ್ನೂ ಉಬ್ಬಿಸಿಲ್ಲ.

ಕಣ್ಣು ಬಿಟ್ಟಾಗ ನನ್ನ ಮನೆಯ ಜಂತಿ ಕಂಡಿತು; ಮಲಗಿದ್ದಂತೆಯೇ ನನ್ನನ್ನು ಮನೆಗೆ ಹೊತ್ತು ತಂದಿದ್ದರು. ಕಸ್ತೂರೆವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಟೋಪಿಯನ್ನು ಈಗಷ್ಟೇ ಕಂಪನಿಯವರು ಕಳಚಿಕೊಂಡು ಹೋಗಿದ್ದರು.

“ಎಷ್ಟ ವರ್ಷ ಮಲಗಿದ್ನಿ?” ಎಂದೆ. “ನನ್ನ ಗಡ್ಡದಾಗ ಗುಬ್ಬಿ ಗೂಡು ಕಟ್ಟಿರಬೇಕಲ್ಲ?”

“ವರ್ಷ ಅಲ್ಲ. ಒಂದು ಸಂತಿಯಿಂದ ಇನ್ನೊಂದು ಸಂತಿ. ಅಷ್ಟ ದಿನಾ ಆಕಿ ಟೋಪಿ ತಗೀಲಾರದ ಓಡ್ಯಾಡಿದ್ಲು. ನಿನ್ನ ಬಾಯಾಗ ನೀರ ಬಿಟ್ಟೂ ಬಿಟ್ಟೂ ನನ್ನ ಕೈ ಸೋತು.” ಅಕ್ಕಿಯೊಳಗಿನ ಒಂದು ಕಲ್ಲನ್ನು ಆರಿಸಿ ಹೊರಗೆಸೆದಳು. “ನೀನೂ ಏಳೂದಿಲ್ಲ ಅಂದ್ಕೊಂಡಿದ್ದೆ.”

ಆಮೇಲೆ ನಡೆದದ್ದನ್ನು ಆಕೆಯೇ ಹೇಳಿದಳು. ಮೊದಲ ದಿನ ಮುಧೋಳರು ಕೋಣೆ ಬಿಟ್ಟು ಕದಲಲಿಲ್ಲ. ಸಂಜೆಯಾದರೂ ನಾನು ಏಳದಿದ್ದಾಗ ಬೆಂಡಿಗೇರಿ ನಾಟಕವೆಂದ; ಸೂಜಿ ಚುಚ್ಚಿ ನೋಡಿದರು. ಮರುದಿನ ಎಲ್ಲರ ಎದುರಿಗೆ ಕಲ್ತವ್ವನ ಬೆನ್ನು ನೆಟ್ಟಗಾಯಿತು. ಕಣ್ಣಿಗೆ ಬೆಳಕು ಬಂತು. ತಾನು ಎಲ್ಲಿದ್ದೇನೆಂದು ಸುತ್ತ ನೋಡಿದಳು. ಆಮೇಲೆ ಆ ಕೋಣೆಯಲ್ಲಿ, ಪಂಖದ ಕೆಳಗೆ ನಿಂತು, ತಮ್ಮನ ಹೆಸರು ಹಿಡಿದು ಅತ್ತಳು. ಅದುವರೆಗೆ ಸಾವಿನ ಸುದ್ದಿ ಅವಳ ಮೈಗೆ ಮುಟ್ಟಿಯೇ ಇರಲಿಲ್ಲ. ಆ ಅಳು ಕೇಳಿ ಪಕ್ಕದ ಕಚೇರಿಗಳ ಗುಮಾಸ್ತರು ಬಂದು ಬಾಗಿಲಲ್ಲಿ ನಿಂತರಂತೆ. ಬೆಂಡಿಗೇರಿ ತನ್ನ ಪುಸ್ತಕ ಮುಚ್ಚಿದನಂತೆ.

“ತೀರ್ಪು?” ಎಂದೆ.

“ಪರರ ಸಲುವಾಗಿ ಮಲಗೂದು ದುಡಿಮೀನ ಅಂತ ಬರದ್ರು. ಇನ್ನ ಮುಂದ ಅವರು ಅತಿಥಿ ಅಲ್ಲ, ಕೂಲಿಕಾರರು. ತಮ್ಮ ಸ್ವಂತ ನಿದ್ದಿಗೆ ಹೊತ್ತು ಬಿಡಬೇಕು, ಡಾಕ್ಟರನ್ನ ಇಡಬೇಕು.”

“ಮತ್ತ ಅಬ್ಕರ್‌ನ ಕಾಗದ?”

ಕಸ್ತೂರೆವ್ವ ಮೊರವನ್ನು ಕೆಳಗಿಟ್ಟಳು. “ಅದು ಆಗಿಲ್ಲ. ತೀರ್ಪು ಈ ದಿನದಿಂದ ಮುಂದಕ್ಕ ಅಂತ. ಹಿಂದಿನದಕ್ಕ ಹತ್ತೂದಿಲ್ಲಂತ. ಮುಧೋಳ ಮೇಡಂ ಅದನ್ನ ಓದಿ ಹೇಳೂಮುಂದ ತಲಿ ಎತ್ತಲಿಲ್ಲ.”

ಗಿರಣಿಯಲ್ಲಿ ಅಷ್ಟೂ ಜನರಿಗೆ ಉದ್ಯೋಗ ಬಂತು. ಅಬ್ಕರ್‌ನ ಕಾಗದದಲ್ಲಿ ‘ಇಲ್ಲ’ ಎಂಬುದು ಇದ್ದ ಹಾಗೆಯೇ ಉಳಿಯಿತು.

ಮಧ್ಯಾಹ್ನ ಕಲ್ತವ್ವ ಬಂದಳು. ಇಷ್ಟು ದಿನ ನಾನು ಕಂಡಿದ್ದದ್ದು ಅವಳ ದಣಿವನ್ನು ಮಾತ್ರ. ಅವಳ ಮುಖವನ್ನು ಅಂದೇ ನೋಡಿದೆ. ಅಷ್ಟು ಚಿಕ್ಕ ವಯಸ್ಸಿನವಳೆಂದು ಗೊತ್ತಿರಲಿಲ್ಲ. ಕಣ್ಣು ಅತ್ತು ಕೆಂಪಾಗಿದ್ದವು. ಹೊಸ್ತಿಲ ಒಳಗೆ ಕೂತಳು.

“ಬಂದಿದ್ನೇನ್ ಅಣ್ಣಾ?”

ನಿಮಗೆ ಇದ್ದದ್ದನ್ನೇ ಹೇಳುತ್ತೇನೆ. ಯಾರೂ ಬಂದಿರಲಿಲ್ಲ. ಅವಳ ನಿದ್ದೆಯ ಉದ್ದಕ್ಕೂ ಕತ್ತಲೆಯಿತ್ತು, ಒದ್ದೆ ಹತ್ತಿಯ ಭಾರವಿತ್ತು. ಕನಸು ಮೊಳೆಯಲು ಅದರಲ್ಲಿ ಬೆರಳಗಲ ಜಾಗವಿರಲಿಲ್ಲ. ಊರು ತುಂಬ ಕತೆ ಕಟ್ಟಿದವನು ನಾನು. ಅಬ್ಕರ್‌ನನ್ನು ಬಿಳಿ ಕುದುರೆಯ ಮೇಲೆ ತರಬಹುದಿತ್ತು. ಅವನ ಸುತ್ತ ಹೊಳೆ ಹರಿಸಿ, ತೋಟ ಬೆಳೆಸಿ, ಅವರ ಸುಟ್ಟ ಊರನ್ನು ಮತ್ತೆ ಕಟ್ಟಿಸಿ, ಅವ್ವ ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಬಹುದಿತ್ತು. ಬಾಯಿ ತೆರೆದೆ. ಅವಳ ಮುಖ ನೋಡಿದೆ.

“ಬಂದಿದ್ದ,” ಎಂದೆ.

“ಏನಂದ?”

“ಏನೂ ಅನ್ನಲಿಲ್ಲ. ಮಲಗಿದ್ದ.”

ಅವಳ ಮುಖ ಕಪ್ಪಿಟ್ಟಿತು. “ಅಲ್ಲಿಯೂ? ಯಾರ ನಿದ್ದಿ ಮಾಡ್ತಿದ್ದ?”

“ತನ್ನ ಸ್ವಂತ ನಿದ್ದಿ. ತಲಿ ಮ್ಯಾಲ ಟೋಪಿ ಇರಲಿಲ್ಲ.”

ಕಸ್ತೂರೆವ್ವ ಒಲೆಯ ಕಡೆ ತಿರುಗಿ ನಿಂತಳು.

“ಯಾವ ಮಗ್ಗಲ ಮಲಗಿದ್ದ?” ಎಂದಳು ಕಲ್ತವ್ವ.

“ಬಲಮಗ್ಗಲ.” ಬಾಯಿಗೆ ಬಂದದ್ದು ಅದೇ.

ಅವಳು ತಲೆಯೆತ್ತಿದಳು. “ಅಂವ ಹುಟ್ಟಿದಾಗಿಂದ ಎಡಮಗ್ಗಲ ಮಲಗಾಂವ.”

ಏನಾದರೂ ಸೇರಿಸಬೇಕೆಂದುಕೊಂಡೆ. ಕಲ್ತವ್ವ ಹೊರಗಿನ ಬಿಸಿಲು ನೋಡುತ್ತಾ ತನಗೆ ತಾನೇ ಹೇಳಿಕೊಂಡಳು.

“ಮಣ್ಣಾಗ ಬಲಮಗ್ಗಲ ಮಲಗಿಸಿದ್ವಿ. ನಮ್ಮಲ್ಲಿ ಹಂಗ ಮಲಗಸ್ತಾರ.” ಆಮೇಲೆ ನನ್ನ ಕಡೆ ನೋಡಿದಳು. “ಇಷ್ಟ ಸಣ್ಣ ಮಾತು ನೀ ಎಂದೂ ಹೇಳಿಲ್ಲ ಫಕೀರಣ್ಣ. ಇದು ಖರೇನ ಇರಬೇಕು.”